ಅರ್ಧ ಮಾರಿ ಅರ್ಧ ಇಟ್ಟುಕೊಂಡವರು

ಬೆಳಗೋಡಿನಲ್ಲಿ ನಮ್ಮ ಪಕ್ಕದ ಮನೆಯಾಕೆಗೆ ಎರಡು ಎಕರೆ ಕಾಫಿ ತೋಟವಿತ್ತು. ಹೆಂಗಸರನ್ನು ಕೊಯ್ಲಿಗೆ ಕರೆದು ಮಾರಾಟದ ಮಾತಿಗೆ ಕರೆಯದ ಅನ್ಯಾಯ ನಮ್ಮಲ್ಲೂ ಇದೆ. ಆಕೆ ಕಾಫಿ ಮೂಟೆಗಳಿಡುವ ಸ್ಟೋರಿನ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಅದಕ್ಕೆ ಉತ್ತರಿಸಿದ್ದರು.

ಕಾಫಿಯ ದರ ದಿನಕ್ಕೊಂದಾಗಿದ್ದ ವರ್ಷ, ದಲ್ಲಾಳಿಗಳ ಮೋಸಕ್ಕೆ ಬಿದ್ದು ಯಾರೂ ಈಗಲೇ ಮಾರಬಾರದು, ದರ ಇನ್ನೂ ಏರುತ್ತದೆ ಎಂದು ಸಣ್ಣ ಬೆಳೆಗಾರರ ಸಭೆಯಲ್ಲಿ ನಾನು ಭಾಷಣ ಮಾಡಿದೆ. ಮರುದಿನವೇ ಆಕೆ ಅರ್ಧದಷ್ಟು ಮೂಟೆಗಳನ್ನು ಜೀಪಿಗೆ ಹೇರಿಸಿದರು.

“ಅಕ್ಕಾ, ದರ ಇನ್ನೂ ಏರುತ್ತೆ!”

“ಏರ್ಲಿ ಮಾರಾಯ, ಅದಕ್ಕೇ ಅರ್ಧ ಇಟ್ಕಂಡಿದೀನಿ. ಮಗಳ ನರ್ಸಿಂಗ್ ಫೀಸು ಕಾಯಲ್ಲ ಕಣೋ.”

ತಿಂಗಳೊಳಗೆ ದರ ಕುಸಿಯಿತು. ನನ್ನನ್ನು ನಂಬಿದವರು ಕಂಗಾಲಾದರು. ಆಕೆಯ ಮಗಳು ಆಗಲೇ ಕಾಲೇಜು ಸೇರಿದ್ದಳು. ತಪ್ಪೊಪ್ಪಿಕೊಳ್ಳಲು ಹೋದ ನನಗೆ ಆಕೆ ಕಾಫಿ ಕೊಟ್ಟು ನಕ್ಕರು:

“ದಲ್ಲಾಳಿಗಳ ಮೋಸನ ಸುಮ್ನೆ ಬಿಡಬ್ಯಾಡ, ಚೆನ್ನಾಗಿ ಬೈಯಿ. ನಾಳೆ ರೇಟ್ ಏನಾಗುತ್ತೆ ಅಂತ ಮಾತ್ರ ಹೇಳಬ್ಯಾಡ. ಅದು ಅವ್ರಿಗೂ ಗೊತ್ತಿಲ್ಲ.”