ಹದಿನೇಳನೇ ಬಿಲ್ಲೆ

ಸರೋವರದ ತಳದಿಂದ ಕೆಸರು ಎತ್ತಿ ತರುವುದು ಆತನ ಉದ್ಯೋಗ; ಪ್ರಯೋಗಶಾಲೆಯಲ್ಲಿ ಎಲ್ಲರ ಬಾಯಲ್ಲೂ ಆತ ಕೆಸರಣ್ಣ. ಪಂಪ್‌ಹೌಸಿನ ಚಿಮಣಿ ನೀರಿನ ಟ್ಯಾಂಕಿನ ಹಿಂದೆ ಸರಿಯಾಗಿ ಮರೆಯಾಗಬೇಕು, ಬಲಗಡೆ ಗಡಿಯಾರದ ಗೋಪುರ ಶಾಲೆಯ ಮಾಡಿನ ಅಂಚನ್ನು ಮುಟ್ಟಬೇಕು: ಆಗಲೇ ಲಂಗರು. ಮೂವತ್ತೊಂದು ವರ್ಷಗಳಿಂದ ಅಳತೆಯ ಆ ಜಾಗವನ್ನು ಒಂದು ಮೊಳವೂ ತಪ್ಪಿಸಿದವನಲ್ಲ ಎಂಬುದು ಆತನ ಏಕೈಕ ಜಂಬ.

ದಡಕ್ಕೆ ಬಂದ ಮೇಲೆ ಆತ ಕೈಯುಂಗುರ ಕಳಚಿಡುತ್ತಿದ್ದ, ಏಕೆಂದರೆ ಲೋಹದ ಸೋಂಕು ತಗಲಬಾರದು. ತಳಕ್ಕೆ ಚುಚ್ಚಿ ಎತ್ತಿದ ಉದ್ದನೆಯ ಕೊಳವೆಯೊಳಗಿನ ಕೆಸರನ್ನು ಅಡಿಯಿಂದ ಮೇಲಕ್ಕೆ ಒತ್ತುತ್ತ, ಸೆಂಟಿಮೀಟರಿಗೊಂದರಂತೆ ಪ್ಲಾಸ್ಟಿಕ್ ಅಲಗಿನಲ್ಲಿ ಬಿಲ್ಲೆ ಕೊಯ್ದು ಚೀಲಕ್ಕೆ ಇಳಿಸುತ್ತಿದ್ದ. ಮೇಲಿನದು ಈ ವರ್ಷದ್ದು. ಕೆಳಗಿಳಿದಷ್ಟೂ ಹಳೆಯ ಕಾಲ.

"ಕೆಸರಿಗೆ ಕೊಡೋ ಮರ್ಯಾದೇಲಿ ಕಾಲು ಭಾಗ ನಮ್ಮನೆ ನೆಲಕ್ಕೂ ಕೊಡ್ರೀ" ಎಂದು ಹೆಂಡತಿ ಬಾಗಿಲಲ್ಲೇ ಆತನ ಬೂಟು ಬಿಚ್ಚಿಸುತ್ತಿದ್ದಳು.

ಆತನ ನಿವೃತ್ತಿಗೆ ನಾಲ್ಕು ತಿಂಗಳಿದ್ದಾಗ ಪ್ರಯೋಗಶಾಲೆಯ ಮೇಡಂ ಆತನನ್ನು ಕರೆದು ಕಂಪ್ಯೂಟರಿನ ಪರದೆ ತೋರಿಸಿದರು. ಗೆರೆಯೊಂದು ಸಪಾಟಾಗಿ ಸಾಗಿ, ಒಂದು ಕಡೆ ಮಾತ್ರ ಮೊಳೆಯಂತೆ ಎದ್ದುನಿಂತಿತ್ತು.

"ಇದು ಪಾದರಸ, ಅಣ್ಣ. ಹದಿನೇಳನೇ ಬಿಲ್ಲೆ. ಲೆಕ್ಕ ಹಾಕಿದ್ರೆ ಇಪ್ಪತ್ನಾಲ್ಕು ವರ್ಷದ ಹಿಂದಿನ ಕೆಸರು. ಆಚೆ ದಡದಲ್ಲಿ ಪಾದರಸ ಬಳಸೋ ಟ್ಯೂಬ್‌ಲೈಟ್ ಕಾರ್ಖಾನೆ ಶುರುವಾದದ್ದೂ ಅದೇ ವರ್ಷ. ಮುಂದಿನ ವಾರ ವರದಿ ಕಳಿಸ್ತೀನಿ."

ಆತ ತಲೆಯಾಡಿಸಿ ಹೊರಬಂದ. ಇಪ್ಪತ್ತೆರಡು ವರ್ಷಗಳ ಹಿಂದೆ, ಅದೇ ಜಾಗದಲ್ಲಿ, ನೀರಿನ ಉಷ್ಣತೆ ನೋಡುವ ಉದ್ದನೆಯ ಪಾದರಸದ ಥರ್ಮಾಮೀಟರು ಆತನ ಕೈಯಿಂದ ದೋಣಿಯ ಅಂಚಿಗೆ ಬಡಿದು ಒಡೆದಿತ್ತು. ಬೆಳ್ಳಿಯ ಗುಂಡುಗಳು ನೀರಿಗುರುಳಿದ್ದನ್ನು ಆತ ಕಣ್ಣಾರೆ ಕಂಡಿದ್ದ. ನೀರಲ್ಲಿ ಒಡೆದರೆ ಕೆಲಸ ಹೋಯಿತೆಂದು ತಿಳಿ ಎಂದು ಆಗಿನ ಅಧಿಕಾರಿ ಮೊದಲೇ ಗದರಿಸಿದ್ದರು. ಅದಕ್ಕೇ ದಿನಚರಿ ಪುಸ್ತಕದಲ್ಲಿ 'ದಡದಲ್ಲಿ ಒಡೆಯಿತು' ಎಂದು ಬರೆದು ಕೈತೊಳೆದುಕೊಂಡಿದ್ದ.

ಈಗ ಬಾಯಿಬಿಡುವುದಕ್ಕೆ ಬೇರೊಂದು ತೊಡಕಿತ್ತು. ಹೆಂಡತಿಯ ತಮ್ಮ ಅದೇ ಕಾರ್ಖಾನೆಯಲ್ಲಿ ಮೇಸ್ತ್ರಿ.

ಸಂಜೆ ಆತ ಎಲ್ಲವನ್ನೂ ಹೆಂಡತಿಗೆ ಹೇಳಿದ. ಅವಳು ಮಡಿಸುತ್ತಿದ್ದ ಬಟ್ಟೆಯನ್ನು ಮಡಿಲಿಗಿಟ್ಟುಕೊಂಡಳು.

"ಬಾಮೈದನ್ನ ಉಳಿಸೋಕೆ ಕಥೆ ಕಟ್ಟಿದಾನೆ ಅಂತಾರೆ."

"ಅನ್ನಲಿ. ಹೇಳದಿದ್ರೆ?" ಎಂದ ಆತ.

"ಹೇಳದಿದ್ರೆ ನೀವು ನಾಲ್ಕು ತಿಂಗಳಲ್ಲ, ಸಾಯೋತನಕ ಮುಖ ಗಂಟು ಹಾಕ್ಕೊಂಡು ಕೂತಿರ್ತೀರಿ. ನೋಡೋಳು ನಾನು. ಹೋಗಿ ಹೇಳ್ಬಿಡಿ."

ಮರುದಿನ ಮೇಡಂ ಪೂರ್ತಿ ಕೇಳಿಸಿಕೊಂಡರು. ಅವರು ಕೂಗಾಡಲಿಲ್ಲ; ಆತನಿಗೆ ಅದೇ ಕಷ್ಟವಾಯಿತು.

"ವರ್ಷ ಹೊಂದಲ್ವಲ್ಲ, ಅಣ್ಣ. ಇಪ್ಪತ್ತೆರಡು ಅಂತೀರಿ."

"ಪಾದರಸ ಭಾರ ಅಲ್ವಾ ಮೇಡಂ. ಮೆತ್ತಗಿನ ಕೆಸರಲ್ಲಿ ಒಂದೆರಡು ಬಿಲ್ಲೆ ಕೆಳಗಿಳಿದಿರಬಹುದು."

"ಇಷ್ಟು ದೊಡ್ಡ ಕೆರೇಲಿ ನಮ್ಮ ಕೊಳವೆ ಸರಿಯಾಗಿ ಅಲ್ಲೇ ಹೋಗಿ ಕೂತ್ಕೊಂಡಿತಾ?"

"ಲಂಗರು ಹಾಕಿದ್ದು ನಾನಲ್ವಾ" ಎಂದ ಆತ, ತಲೆತಗ್ಗಿಸಿ.

ಮೇಡಂ ನಕ್ಕುಬಿಟ್ಟರು. ಆಮೇಲೆ ಗಂಭೀರರಾಗಿ, "ನಿಮ್ಮ ಬಾಮೈದ ಅಲ್ಲಿದಾರೆ ಅಂತ ಗೊತ್ತು. ಹಾಗಾಗಿ ನಿಮ್ಮ ಮಾತನ್ನೂ ನಂಬಲ್ಲ, ನನ್ನ ಗೆರೇನೂ ನಂಬಲ್ಲ. ಇನ್ನೂರು ಮೀಟರ್ ಆಚೆ ಇನ್ನೊಂದು ಕೊಳವೆ ಇಳಿಸೋಣ. ಜಾಗ ನಾನು ತೋರಿಸ್ತೀನಿ" ಎಂದರು.

ಗುರುತೇ ಇಲ್ಲದ ಜಾಗದಲ್ಲಿ ಲಂಗರು ಬಿಡುವಾಗ ಆತನ ಕೈ ಹೊಸಬನ ಕೈಯಂತೆ ತಡವರಿಸಿತು. ಬಿಲ್ಲೆ ಕೊಯ್ದದ್ದೂ ಮೇಡಂ. ಆತ ಉಂಗುರ ಕಳಚಿ ಸುಮ್ಮನೆ ಪಕ್ಕದಲ್ಲಿ ನಿಂತಿದ್ದ.

ಮೂರು ವಾರದ ನಂತರ ಫಲಿತಾಂಶ ಬಂತು. ಮೊಳೆ ಇರಲಿಲ್ಲ. ಆದರೆ ಹದಿನೇಳರಿಂದ ಮೇಲಕ್ಕೆ ಗೆರೆ ಬಿಲ್ಲೆಯಿಂದ ಬಿಲ್ಲೆಗೆ ಕೂದಲೆಳೆಯಷ್ಟು ಏರುತ್ತ, ಈ ವರ್ಷದವರೆಗೂ ಏರುತ್ತಲೇ ಇತ್ತು. ಮೊದಲ ಗೆರೆಯಲ್ಲಿ ಮೊಳೆಯ ಎತ್ತರದ ಮುಂದೆ ಈ ಏರು ಸಪಾಟಾಗಿ ಕಂಡಿತ್ತು. ಕಾರ್ಖಾನೆಯದೇ ಎಂದು ಬರೆಯಲು ಮೇಡಂ ಈಗಲೂ ಒಪ್ಪಲಿಲ್ಲ. ಇನ್ನೂ ಆರು ಕಡೆ ಕೊಳವೆ ಇಳಿಸಬೇಕೆಂದರು.

ಸುದ್ದಿ ತಿಳಿದ ಬಾಮೈದ ಮನೆಗೆ ಬಂದು, "ಏನ್ ಭಾವ, ನನ್ನ ಉಳಿಸ್ತೀರಿ ಅಂದ್ಕೊಂಡಿದ್ರೆ ಸರಿಯಾಗಿ ಸಿಕ್ಕಿಸಿದ್ರಲ್ಲ" ಎಂದ.

"ಉಳಿಸೋಕೂ ಹೋಗಿಲ್ಲ, ಸಿಕ್ಕಿಸೋಕೂ ಹೋಗಿಲ್ಲ. ನನ್ನ ಪಾಲಿನದು ತೆಗೆದಿಟ್ಟೆ, ಅಷ್ಟೆ. ಉಳಿದದ್ದು ಯಾರದ್ದೋ ನೋಡ್ಕೊಳ್ಳಿ."

ಮರುದಿನ ಆತ ಕಪಾಟಿನಿಂದ ಇಪ್ಪತ್ತೆರಡು ವರ್ಷದ ಹಿಂದಿನ ದಿನಚರಿ ಪುಸ್ತಕ ಹುಡುಕಿ ತೆಗೆದ. 'ದಡದಲ್ಲಿ' ಎಂಬುದರ ಮೇಲೆ, ಹಳೆಯ ಅಕ್ಷರ ಓದಲು ಬರುವಂತೆ ಒಂದೇ ಗೀಟು ಎಳೆದು, 'ನೀರಿನಲ್ಲಿ' ಎಂದು ಬರೆದ; ಪಕ್ಕದಲ್ಲಿ ತಿದ್ದಿದ ದಿನದ ತಾರೀಕು ಹಾಕಿ ಸಹಿ ಮಾಡಿದ. ಪುಸ್ತಕವನ್ನು ಮೇಡಂ ಮೇಜಿನ ಮೇಲೆ ತೆರೆದಿಟ್ಟು, ದೋಣಿ ತೊಳೆಯಲು ಹೊರಟ.