ಬೋರ್ಡು ಹೋಯಿತು, ಫೈಲು ಉಳಿಯಿತು

ಇದು ಎರಡು ವರ್ಷದ ಹಿಂದಿನ ಮಾತು. ಶಿವರಾತ್ರಿ ಕಳೆದು ಮದುವೆಗಳ ಕಾಲ ಶುರುವಾಗಿತ್ತು. ಅರಸೀಕೆರೆಯ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ ಇದೆ. ಅರ್ಜಿ, ಕರಾರು ಪತ್ರ ಎಲ್ಲ ಟೈಪ್ ಮಾಡಿಕೊಡುತ್ತೇನಾದರೂ ನನಗೆ ಹೆಸರು ಬಂದಿರುವುದು ಲಗ್ನಪತ್ರಿಕೆಯಿಂದ. ಯಾರ ಹೆಸರು ಮೇಲೆ, ಯಾರದು ಕೆಳಗೆ ಎನ್ನುವುದಕ್ಕೇ ನಮ್ಮ ಕಡೆ ಸಂಬಂಧಗಳು ಮುರಿದು ಬೀಳುತ್ತವೆ. ಅದಕ್ಕೇ ನಾನು ಗಿರಾಕಿಗಳು ಬರೆದು ತಂದ ಹಾಳೆಯನ್ನು ಸ್ಕ್ಯಾನ್ ಮಾಡಿ ಇಟ್ಟುಕೊಳ್ಳುತ್ತಿದ್ದೆ. ನಾಳೆ ಯಾರಾದರೂ ಜಗಳಕ್ಕೆ ಬಂದರೆ, ನೀವು ಬರೆದುಕೊಟ್ಟಿದ್ದೇ ಹೀಗೆ ಎಂದು ಮುಖಕ್ಕೆ ಹಿಡಿಯಬಹುದಲ್ಲ. ತಪ್ಪು ನನ್ನದೂ ಇರಬಹುದು ಎಂಬ ಯೋಚನೆ ನನಗೆ ಬಂದದ್ದೇ ಇಲ್ಲ ಅನ್ನಿ.

ಒಂದು ಬೆಳಿಗ್ಗೆ ಹಾರನಹಳ್ಳಿಯ ರುದ್ರಣ್ಣ ಎರಡನೆಯ ಮಗಳ ಪತ್ರಿಕೆ ಮಾಡಿಸಲು ಬಂದರು. ತೆಂಗಿನ ತೋಟದವರು, ಮಾತು ಕಡಿಮೆ. ಒಂಬತ್ತು ವರ್ಷದ ಹಿಂದೆ ದೊಡ್ಡ ಮಗಳ ಪತ್ರಿಕೆಯನ್ನೂ ನಾನೇ ಮಾಡಿದ್ದೆ.

"ಅದನ್ನೇ ತೆಗಿಯವ್ವ. ಹೆಸ್ರೆಲ್ಲ ಅದ್ರಲ್ಲಿರಂಗೇ ಇರ್ಲಿ. ಆದ್ರೆ ಈ ಸಲ ಹಗರೆಲಿರೋ ನಮ್ಮಕ್ಕ ಗಂಗಮ್ಮನ ಹೆಸ್ರು ಮೊದ್ಲು ಹಾಕು. ಆವತ್ತು ಅವಳ ಹೆಸ್ರೇ ಬಿಟ್ಟೋಗಿತ್ತು. ಮದ್ವೆಗೂ ಬರ್ಲಿಲ್ಲ, ಆವತ್ತಿಂದ ನಮ್ಮನೆ ಹೊಸ್ಲೂ ತುಳ್ದಿಲ್ಲ" ಎಂದರು.

"ನೀವು ಬರ್ದುಕೊಟ್ಟಿದ್ದನ್ನೇ ನಾನು ಹಾಕೋದು ರುದ್ರಣ್ಣೋರೇ" ಎಂದೆ ಸ್ವಲ್ಪ ಖಾರವಾಗಿಯೇ. "ಪ್ರಿಂಟ್ ಆಗೋಕೆ ಮುಂಚೆ ನಿಮಗೂ ತೋರ್ಸಿರ್ತೀನಿ."

"ನೀನು ತೋರ್ಸಿದ್ದೆ. ನಿನ್ ಮೇಲೆ ನಂಬ್ಕೆ, ನಾನು ನೋಡ್ದೇನೇ ಸರಿ ಐತೆ ಅಂದ್ಬಿಟ್ಟೆ. ಹಾಳೇಲಿ ನಾನು ಬರ್ದಿದ್ದೆ ಅನ್ಸುತ್ತೆ. ಆದ್ರೆ ಕಾರ್ಡಲ್ಲಿ ಇರ್ಲಿಲ್ವಲ್ಲ. ಒಡಹುಟ್ಟಿದೋಳ ಹೆಸ್ರ ಮರೆಯೋ ನಾನೆಂಥ ತಮ್ಮ" ಎಂದು ಟವೆಲಿನಿಂದ ಮುಖ ಒರೆಸಿಕೊಂಡರು.

ಹಳೆಯ ಫೈಲು ತೆಗೆಯೋಣವೆಂದು ಕಂಪ್ಯೂಟರ್ ಆನ್ ಮಾಡಿದೆ. ಟಪ್ ಎಂದು ಸದ್ದಾಯಿತು, ಸುಟ್ಟ ವಾಸನೆ ಬಂತು, ಅಷ್ಟೇ. ರುದ್ರಣ್ಣನಿಗೆ ಎರಡು ದಿನ ಬಿಟ್ಟು ಬರಲು ಹೇಳಿ ಕಳಿಸಿದೆ. ಹತ್ತಿರದ ರಿಪೇರಿ ಅಂಗಡಿಯವನು ಬಂದು ನೋಡಿ, ಮದರ್‌ಬೋರ್ಡ್ ಹೋಗಿದೆ, ಈ ಕಾಲದ ಬೋರ್ಡಿಗೆ ಹಳೆಯ ಪ್ರೊಸೆಸರ್ ಕೂರುವುದಿಲ್ಲ, ಎರಡನ್ನೂ ಬದಲಿಸಿ ಫಾರ್ಮ್ಯಾಟ್ ಮಾಡಬೇಕು, ಡೆಸ್ಕ್‌ಟಾಪ್ ಮೇಲಿರುವುದೆಲ್ಲ ಹೋಗುತ್ತದೆ ಎಂದ. ಕಣ್ಣೆದುರಿಗೆ ಇರಲಿ ಎಂದು ನಾನು ಎಲ್ಲವನ್ನೂ ಡೆಸ್ಕ್‌ಟಾಪ್ ಮೇಲೆಯೇ ಇಟ್ಟಿದ್ದೆ. ಬೇರೆ ಎಲ್ಲೂ ಒಂದು ಪ್ರತಿ ಇರಲಿಲ್ಲ.

ಯಾರೋ ರೈಲ್ವೆ ಸ್ಟೇಷನ್ ರಸ್ತೆಯ ಅನ್ವರ್ ಅವರನ್ನು ಕೇಳಿ ನೋಡಿ ಎಂದರು. ಗಡ್ಡ ನರೆತ, ನಿಧಾನದ ಮನುಷ್ಯ. ಅಂಗಡಿಗೆ ಬಂದು ಕಂಪ್ಯೂಟರಿನ ಡಬ್ಬ ಬಿಚ್ಚಿ ನೋಡಿ, "ಯಾಕಕ್ಕಾ ಅಳ್ತೀರಾ? ಬೋರ್ಡು, ಪ್ರೊಸೆಸರ್ ಅಂದ್ರೆ ಒಲೆ ಇದ್ದಂಗೆ. ಹಾರ್ಡ್ ಡಿಸ್ಕು ಕಣಜ. ಒಲೆ ಕೆಟ್ರೆ ಕಣಜದ ರಾಗಿಗೆ ಏನಾಗುತ್ತೆ?" ಎಂದರು.

ಮೊದಲು ಹಾರ್ಡ್ ಡಿಸ್ಕನ್ನು ಹೊರಗೆ ತೆಗೆದು ತಮ್ಮ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಒಳಗಿದ್ದದ್ದನ್ನೆಲ್ಲ ಇನ್ನೊಂದು ಡಿಸ್ಕಿಗೆ ನಕಲು ಮಾಡಿದರು. ಅದಕ್ಕೇ ಮಧ್ಯಾಹ್ನವಾಯಿತು. ಆಮೇಲೆ ಹಳೆಯ ಡಿಸ್ಕನ್ನು ನನ್ನ ಕೈಗೆ ಕೊಟ್ಟು, "ಬೋರ್ಡ್ ಹಾಕೋ ತನಕ ಇದನ್ನ ನೀವೇ ಇಟ್ಕೊಂಡಿರಿ, ನಿಮಗೂ ಧೈರ್ಯ" ಎಂದರು. ಮಡಿಲಲ್ಲಿ ಇಟ್ಟುಕೊಂಡು ಕೂತೆ. ಹೊಸ ಬೋರ್ಡು, ಪ್ರೊಸೆಸರ್ ಎಲ್ಲ ಕೂರಿಸಿ ಕೊನೆಗೆ ಡಿಸ್ಕ್ ಜೋಡಿಸಿ ಆನ್ ಮಾಡಿದರು. ಪರದೆ ತುಂಬಾ ಹೊತ್ತು ಕಪ್ಪಗೇ ಇತ್ತು. ನಾನು ಮನಸ್ಸಿನಲ್ಲೇ ಶಿವಶಿವಾ ಎನ್ನುತ್ತಿದ್ದೆ. ಆಮೇಲೆ ನನ್ನ ಡೆಸ್ಕ್‌ಟಾಪ್ ಹಾಗೆಯೇ, ಒಂದು ಫೋಲ್ಡರೂ ಅಲುಗಾಡದೆ ಮೂಡಿತು. ಫಾರ್ಮ್ಯಾಟ್ ಬೇಕಾಗಲೇ ಇಲ್ಲ.

"ಯಾವ್ದಾದ್ರೂ ಹಳೇದು ತೆಗ್ದು ನೋಡಿ" ಎಂದರು ಅನ್ವರ್. ರುದ್ರಣ್ಣನ ಫೋಲ್ಡರಿಗೇ ಕೈ ಹೋಯಿತು. ಅವರು ಬರೆದುಕೊಟ್ಟ ಹಾಳೆಯ ಸ್ಕ್ಯಾನ್ ತೆರೆದೆ.

ಲಗ್ನಪತ್ರಿಕೆಗೆ ಬರೆದ ಹಾಳೆಯನ್ನು ದೇವರ ಮುಂದಿಟ್ಟು, ಹಾಳೆಯ ಮೇಲ್ತುದಿಗೆ ಒದ್ದೆ ಅರಿಶಿನ ಕುಂಕುಮ ಹಚ್ಚಿಯೇ ಅಂಗಡಿಗೆ ತರುವುದು ನಮ್ಮಲ್ಲಿ ವಾಡಿಕೆ. ಅವರ ಹಾಳೆಯಲ್ಲೂ ಅಂಗೈಯಗಲ ಕುಂಕುಮ ಹರಡಿಕೊಂಡಿತ್ತು. ಅದರ ಕೆಳಗೆ ಏನೋ ಗೀರು ಕಂಡಂತಾಗಿ ದೊಡ್ಡದು ಮಾಡಿ ನೋಡಿದೆ. "ಸೋದರತ್ತೆ ಶ್ರೀಮತಿ ಗಂಗಮ್ಮ, ಹಗರೆ." ಎಲ್ಲರಿಗಿಂತ ಮೇಲೆ ಇರಲೆಂದು ಅಕ್ಕನ ಹೆಸರನ್ನು ಹಾಳೆಯ ತಲೆಯಲ್ಲೇ ಬರೆದಿದ್ದರು ರುದ್ರಣ್ಣ. ಕುಂಕುಮ ಅದರ ಮೇಲೇ ಬಿದ್ದಿತ್ತು. ನಾನು ಅದನ್ನು ಬರೀ ಕಲೆ ಎಂದುಕೊಂಡು ಕೆಳಗಿನ ಸಾಲಿನಿಂದ ಟೈಪ್ ಮಾಡಿದ್ದೆ.

"ಓಪನ್ ಆಯ್ತಲ್ಲಕ್ಕಾ, ಮತ್ಯಾಕೆ ಮುಖ ಹಂಗಾಯ್ತು?" ಎಂದರು ಅನ್ವರ್. ಫೋಲ್ಡರ್ ಮುಚ್ಚಿ ಅವರ ದುಡ್ಡು ಕೊಟ್ಟೆ. ನಿಜ ಹೇಳುತ್ತೇನೆ, ಅವರು ಹೋದ ಮೇಲೆ ಅದನ್ನು ಅಳಿಸಿಬಿಡುವ ಮನಸ್ಸಾಯಿತು. ಯಾರಿಗೆ ಗೊತ್ತಾಗುತ್ತಿತ್ತು? ಬೋರ್ಡ್ ಹೋದಾಗ ಫೈಲೂ ಹೋಯಿತು ಎಂದರೆ ಮುಗಿಯಿತು. ಅಷ್ಟರಲ್ಲಿ ರುದ್ರಣ್ಣ ಮುಖ ಒರೆಸಿಕೊಂಡದ್ದು ನೆನಪಾಗಿ, ಪ್ರಿಂಟ್ ತೆಗೆದೆ.

ಹೇಳಿದ್ದ ದಿನ ರುದ್ರಣ್ಣ ಬಂದಾಗ ಕೈಗೆ ಕೊಟ್ಟು, ತಪ್ಪು ನನ್ನದು ಎಂದೆ. ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಬರ್ದಿದ್ದೆ ನೋಡವ್ವ" ಎಂದರು, ಅಷ್ಟೇ. ಬನ್ನಿ, ನಿಮ್ಮಕ್ಕನಿಗೆ ನಾನೇ ಬಂದು ಹೇಳುತ್ತೇನೆ ಎಂದು ಅಂಗಡಿ ಬಾಗಿಲು ಹಾಕಿದೆ. ಹಳೇಬೀಡಿನಲ್ಲಿ ಬಸ್ಸು ಬದಲಿಸಿ ಇಬ್ಬರೂ ಹಗರೆಗೆ ಹೋದೆವು.

ಗಂಗಮ್ಮ ಡೇರಿಗೆ ಹಾಲು ಹಾಕಿ ಖಾಲಿ ಕ್ಯಾನು ಹಿಡಿದು ಬರುತ್ತಿದ್ದರು. ತಮ್ಮನನ್ನು ನೋಡಿಯೂ ನೋಡದವರಂತೆ ನಿಂತರು. ನಾನು ಹಾಳೆ ಕೊಟ್ಟು ನಡೆದದ್ದನ್ನು ತೊದಲುತ್ತ ಹೇಳಿದೆ. ಅವರು ಅಕ್ಷರಗಳ ಮೇಲೆ ಬೆರಳಾಡಿಸುತ್ತ ಓದಿದರು.

"ಎಲ್ಲಾರ್ಗಿಂತ ಮೇಲೆ ಬರ್ದಿದ್ದೇನ್ಲಾ ನನ್ನ?"

ರುದ್ರಣ್ಣ ತಲೆಯಾಡಿಸಿದರು.

"ಆವತ್ತೇ ಬಾಯ್ಬಿಟ್ಟು ಹೇಳಕ್ಕೆ ಏನಾಗಿತ್ತು ನಿಂಗೆ?"

"ಬರ್ದಿದ್ದೀನಿ ಅಂತ ನಂಗೇ ನಂಬ್ಕೆ ಇರ್ಲಿಲ್ಲ ಕಣಕ್ಕ."

ಇಬ್ಬರೂ ಅಳತೊಡಗಿದರು. ಇನ್ನು ನನ್ನ ಸರದಿ, ಬೈಗುಳ ತಿನ್ನಲು ಸಿದ್ಧಳಾಗಿ ತಲೆ ತಗ್ಗಿಸಿ ನಿಂತಿದ್ದೆ. ಗಂಗಮ್ಮ ಒಳಗೆ ಕರೆದು ಕೂರಿಸಿ ಮಜ್ಜಿಗೆ ಕೊಟ್ಟರು. ಹೊರಡುವಾಗ, ಈ ಪತ್ರಿಕೆಯಲ್ಲಿ ನಿಮ್ಮ ಹೆಸರು ಹೇಗೆ ಹಾಕಲಿ ಎಂದು ಕೇಳಿದೆ.

"ಹೆಂಗಾದ್ರೂ ಹಾಕವ್ವ" ಎಂದು ನನ್ನ ಕೈ ಹಿಡಿದುಕೊಂಡರು. "ಈ ಸಲ ನೀನು ಬಿಟ್ರೂ ಬತ್ತೀನಿ."

ಹಳೇಬೀಡು ಬರುವವರೆಗೂ ಬಸ್ಸಿನಲ್ಲಿ ಸೆರಗು ಬಾಯಿಗಿಟ್ಟುಕೊಂಡೇ ಕೂತಿದ್ದೆ. ಆಕೆ ನಾಲ್ಕು ಮಾತು ಬೈದಿದ್ದರೆ ಇಷ್ಟು ಹೊತ್ತಿಗೆ ನಾನು ಇದನ್ನು ಮರೆತಿರುತ್ತಿದ್ದೆ.