ಬಂದೂಕಿಗೆ ಬ್ಯಾಟರಿ ಕೂರಿಸುತ್ತಿದ್ದ ಕಾಕಾ

ಹುರಿದ ಶೇಂಗಾವನ್ನು ಮೊರದಲ್ಲಿ ಹಾಕಿಕೊಂಡು ಹಿತ್ತಲ ಕಟ್ಟೆಯ ಮೇಲೆ ಸಿಪ್ಪೆ ಕೇರುತ್ತಿದ್ದೆ. ಗೋಡೆಯಾಚೆಯಿಂದ ಮಿಸ್ತ್ರಿ ಕಾಕಾನ ಸೊಸೆ, "ವೈನಿ, ನಮ್ಮ ಮಾವಾರು ಹ್ವಾದ್ರು" ಅಂದಳು. ಮೊರ ಕೈಯಲ್ಲೇ ನಿಂತಿತು. ಆ ಗಳಿಗೆಗೆ ನನಗೆ ಕಾಕಾನ ಮುಖ ಕಣ್ಣಿಗೆ ಬರಲಿಲ್ಲ. ಬಂದದ್ದು ಅವರ ಎಡಗೈಯ ಹೆಬ್ಬೆರಳಿನ ಉಗುರು. ಯಾವುದೋ ಕಾಲದಲ್ಲಿ ಸುತ್ತಿಗೆ ಬಿದ್ದು ನಡುವೆ ಸೀಳಿ, ಆಮೇಲೆ ಎರಡಾಗಿಯೇ ಬೆಳೆಯುತ್ತಿದ್ದ ಕರಿ ಉಗುರು. ಸ್ಕ್ರೂ ಸಡಿಲಾಗಿದೆಯೋ ಬಿಗಿಯಾಗಿದೆಯೋ ಎಂದು ನೋಡಲು ಕಾಕಾ ಆ ಸೀಳನ್ನು ಸ್ಕ್ರೂವಿನ ತಲೆಗೆ ಒತ್ತಿ ಒಂದಿಷ್ಟು ತಿರುಗಿಸುತ್ತಿದ್ದರು. ತಿರುಗಿತೆಂದರೆ ಸಡಿಲು. "ಸಾಲ್ಯಾಗ ಕಲಿಸದಿದ್ದದ್ದನ್ನ ಈ ಉಗುರು ಕಲಿಸೇತಿ" ಎನ್ನುತ್ತಿದ್ದರು.

ಅನಗೋಳದ ನಮ್ಮ ಓಣಿಯಲ್ಲಿ ಮನೆಗಳ ಗೋಡೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಮದುವೆಯಾಗಿ ಬಂದ ಹೊಸದರಲ್ಲಿ ಪಕ್ಕದ ಮನೆಯಿಂದ ಕಬ್ಬಿಣಕ್ಕೆ ಅರ ಉಜ್ಜುವ ಸಪ್ಪಳ ಕೇಳಿ, ಇದೇನು ಎಂದು ಅತ್ತೆಯನ್ನು ಕೇಳಿದ್ದೆ. "ಬಂದೂಕ ರಿಪೇರಿ ಮಾಡತಾರ, ಹೆದರಬ್ಯಾಡ, ಭಾಳ ಸಾಧು ಮನಷ್ಯಾ" ಎಂದಿದ್ದರು ಅವರು. ನಾನು ಹೆದರಿದ್ದೆ. ಬಂದೂಕೆಂದರೆ ಈಗಲೂ ಹೆದರುತ್ತೇನೆ. ಆದರೆ ಇಷ್ಟು ವರ್ಷ ಪಕ್ಕದಲ್ಲಿದ್ದರೆ ಕಿವಿಗೆ ಬಿದ್ದದ್ದು ತಲೆಗೂ ಹೋಗುತ್ತದೆ.

ಅವರ ಮುಂದಿನ ಖೋಲಿಯೇ ಅಂಗಡಿ. ಗೋಡೆಗೆ ಸರಕಾರದ ಲೈಸೆನ್ಸನ್ನು ಕಟ್ಟು ಹಾಕಿಸಿ ತೂಗುಹಾಕಿದ್ದರು. ಪಕ್ಕದಲ್ಲಿ ವಿಠ್ಠಲನ ಫೋಟೋ. ಖಾನಾಪುರದ ಕಡೆಯ ರೈತರು, ಬೆಳೆ ಕಾಯುವುದಕ್ಕೆಂದು ಲೈಸೆನ್ಸು ಪಡೆದ ಒಂಟಿ ನಳಿಗೆಯ ಬಂದೂಕುಗಳನ್ನು ಕಂಬಳಿಯಲ್ಲಿ ಸುತ್ತಿ, ಕಾಗದಪತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ತರುತ್ತಿದ್ದರು. ಕಾಗದ ನೋಡದೆ ಕಾಕಾ ಕಂಬಳಿ ಬಿಚ್ಚಗೊಡುತ್ತಿರಲಿಲ್ಲ. ಒಮ್ಮೆ ಇಬ್ಬರು ಕಾರಿನಲ್ಲಿ ಬಂದು, ಬೇಟೆಗೆ ಒಳ್ಳೆಯ ಲೈಟು ಕೂರಿಸಿಕೊಡಿ ಎಂದರು. "ಬ್ಯಾಟಿ ಆಡೋರು ಹಿಂಗ ನೆಟ್ಟಗ ಹೋಗ್ರಿ, ಎಡಕ್ಕ ಹೊಳ್ರಿ" ಎಂದು ಕಾಕಾ ದಾರಿ ತೋರಿಸಿದರು. ಅಲ್ಲಿ ಯಾರ ಅಂಗಡಿಯಿದೆ ಎಂದು ಅವರು ಕೇಳಿದರು. "ಅಂಗಡಿ ಅಲ್ರಿ, ಪೊಲೀಸ್ ಚೌಕಿ."

ಈಚಿನ ವರ್ಷಗಳಲ್ಲಿ ಎಲ್ಲರೂ ಬಂದೂಕಿಗೆ ಬ್ಯಾಟರಿ ಕೂರಿಸಿಕೊಡಿ ಎಂದೇ ಬರುತ್ತಿದ್ದರು. ಕಾಡುಹಂದಿಗಳು ಬರುವುದು ಕತ್ತಲಲ್ಲಿ. ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ಬಂದೂಕು ಹಿಡಿದರೆ ಎರಡೂ ನೆಟ್ಟಗಿರುವುದಿಲ್ಲ. ಮೊಬೈಲಿನಲ್ಲಿ ನೋಡಿ ತರಿಸಿದ ಬ್ಯಾಟರಿಗಳನ್ನು ತಂದು ಮೇಜಿನ ಮೇಲಿಡುತ್ತಿದ್ದರು. ಡಬ್ಬಿಯ ಮೇಲೆ ಎರಡು ಕಿಲೋಮೀಟರ್ ಬೆಳಕು ಎಂದಿರುತ್ತಿತ್ತು. "ಎರಡ ಕಿಲೋಮೀಟರ್ ದೂರದಾಗಿನ ಹಂದಿಗೆ ಕೈ ಮುಗೀತೀ ಏನೋ?" ಎನ್ನುತ್ತಿದ್ದರು ಕಾಕಾ. ನಿಮ್ಮ ಹೊಲದಲ್ಲಿ ಮಂಜು ಬೀಳುತ್ತದೆಯೇ ಎಂದು ಕೇಳುತ್ತಿದ್ದರು. ಬಿಳಿ ಬೆಳಕು ಮಂಜಿಗೆ ಬಡಿದು ತಿರುಗಿ ನಮ್ಮ ಕಣ್ಣಿಗೇ ಬರುತ್ತದಂತೆ, ಅಂಥಲ್ಲಿ ಹಳದಿ ಬೆಳಕೇ ವಾಸಿಯಂತೆ. ನಳಿಗೆಯ ಕೆಳಗೆ ಮದ್ದು ಜಡಿಯುವ ಗಜ ಇರುವುದರಿಂದ ಬ್ಯಾಟರಿಯನ್ನು ಬದಿಗೆ ಕೂರಿಸಬೇಕು. ನಳಿಗೆಯ ತುದಿಗಿಂತ ಹಿಂದೆಯೇ ಇರಬೇಕು, ಇಲ್ಲದಿದ್ದರೆ ಹೊಗೆಗೆ ಗಾಜು ಕಪ್ಪಾಗುತ್ತದೆ. ಬ್ಯಾಟರಿಯನ್ನು ಬಿಗಿಯುವ ಪಟ್ಟಿಯ ಒಳಗೆ ಸೈಕಲ್ ಟ್ಯೂಬಿನ ತುಂಡು. ಒಮ್ಮೆ ಹಾರಿಸಿದರೆ ಬಂದೂಕು ಒದೆಯುತ್ತದೆ, ಅಗ್ಗದ ಬ್ಯಾಟರಿಯ ಸ್ಪ್ರಿಂಗು ಆ ಒಂದೇ ಒದೆತಕ್ಕೆ ಸತ್ತುಹೋಗುತ್ತದೆ. ಅದಕ್ಕೆ ಕಾಕಾ ಬ್ಯಾಟರಿಯನ್ನು ಮೇಜಿಗೆ ಟಪ್ ಟಪ್ ಎಂದು ಕುಟ್ಟಿ ನೋಡಿ, ಆರದೆ ಉಳಿದದ್ದನ್ನೇ ಇಟ್ಟುಕೊಳ್ಳುತ್ತಿದ್ದರು.

ಆದರೆ ಅದಕ್ಕೂ ಮೊದಲು ಒಂದು ಪರೀಕ್ಷೆ. ಅದು ಬೇರೆ ಯಾವ ಮಿಸ್ತ್ರಿಯಲ್ಲೂ ಇರಲಿಲ್ಲ.

ಕಾಕಾ ಖೋಲಿಯ ಬಾಗಿಲು ಕಿಟಕಿ ಎಲ್ಲ ಮುಚ್ಚಿ ಕತ್ತಲು ಮಾಡುತ್ತಿದ್ದರು. ಬಂದವನ ಕೈಗೆ ಪರೀಕ್ಷೆಗೆಂದೇ ಬ್ಯಾಟರಿ ಕಟ್ಟಿಟ್ಟ ಖಾಲಿ ಬಂದೂಕು, ಹಣೆಗೊಂದು ತಲೆಬ್ಯಾಟರಿ. ಕತ್ತಲಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಮೂಲೆಯಲ್ಲಿ ಸ್ಟೀಲ್ ಲೋಟವನ್ನು ಉಗುರಿನಿಂದ ಕೆರೆಯುತ್ತಿದ್ದರು. "ಏನೋ ಸಪ್ಪಳ ಆತು, ನೋಡು." ಹತ್ತರಲ್ಲಿ ಏಳು ಜನ ಬಂದೂಕನ್ನೇ ಆ ಕಡೆ ತಿರುಗಿಸಿ ಅದರ ಬೆಳಕು ಹಾಕುತ್ತಿದ್ದರು. ಬೆಳಕಿನಲ್ಲಿ ಕಾಕಾ ಕುಂತಿರುತ್ತಿದ್ದರು, ಎದೆಯ ಮೇಲೆ ಆ ಬಿಳಿ ಚುಕ್ಕಿ.

"ಸತ್ತೆ ನೋಡು ನಾನು. ಏಳು, ಚಾ ಕುಡದು ಹೋಗು."

ಅಂಥವರಿಗೆ ಬಂದೂಕಿನ ಬ್ಯಾಟರಿಯನ್ನು ಕೂರಿಸುತ್ತಿರಲಿಲ್ಲ. ಬಂದೂಕಿಗೆ ಬೆಳಕು ಕಟ್ಟಿದರೆ ಮನುಷ್ಯ ನೋಡುವುದಕ್ಕೂ ಬಂದೂಕನ್ನೇ ಎತ್ತುತ್ತಾನೆ ಎಂಬುದು ಅವರ ಮಾತು. "ಮೊದಲ ತಲಿಬ್ಯಾಟರಿಲೆ ನೋಡು. ಅದು ಹಂದಿ ಐತಿ, ಹಿಂದ ಮುಂದ ಯಾರೂ ಇಲ್ಲ ಅಂತ ಖಾತ್ರಿ ಆತು, ಆಮ್ಯಾಲೆ ಬಂದೂಕಿನ ಬೆಳಕು. ನೋಡಾಕ ಒಂದು, ಗುರಿಗೆ ಒಂದು." ಒಳಗಿನಿಂದ ಅವರ ಹೆಂಡತಿ ಕಾಕು ಗೊಣಗುತ್ತಿದ್ದಳು: "ದಿನಕ್ಕ ಮೂರ ಸಲ ಸಾಯತಾರ ಇವರು. ಚಾ ಮಾತ್ರ ನಾ ಮಾಡಬೇಕು."

ನನ್ನ ತಮ್ಮ ಖಾನಾಪುರದಾಚೆಯ ನಮ್ಮ ತವರೂರಿನಲ್ಲಿ ಭತ್ತ ಬೆಳೆಯುತ್ತಾನೆ. ಹೊಲದ ಬದುವಿಗೇ ಅಡವಿ. ಒಂದು ವರ್ಷ ತೆನೆ ಹಾಲು ತುಂಬುವ ಹೊತ್ತಿಗೆ ಹಂದಿಯೊಂದು ಅವನ ಮೇಲೇ ನುಗ್ಗಿತ್ತು. ತಲೆಬ್ಯಾಟರಿ ಜಾರಿ ಕೆಸರಿಗೆ ಬಿದ್ದು, ಕತ್ತಲಲ್ಲಿ ಕಾವಲು ಅಟ್ಟದ ಕಂಬ ತಬ್ಬಿಕೊಂಡು ಉಳಿದಿದ್ದ. ಕಾಲಿಗೆ ಹನ್ನೊಂದು ಹೊಲಿಗೆ. ಕಾಲು ಉಳಿಯಿತಲ್ಲ, ಅದೇ ವಿಠ್ಠಲನ ದಯೆ ಎಂದು ನಾನು ಏಕಾದಶಿ ಹಿಡಿದೆ. ಅವನು ಮಾತ್ರ ಬಂದೂಕು ಹಿಡಿದುಕೊಂಡು ಅನಗೋಳಕ್ಕೆ ಬಂದ.

"ಬರ್ರಿ ಪಾವಣ್ಯಾರ" ಎಂದು ಕಾಕಾ ನೆಂಟನನ್ನು ಕರೆಯುವ ಅಕ್ಕರೆಯಿಂದಲೇ ಕರೆದರು. ಖೋಲಿ ಕತ್ತಲಾಯಿತು. ನಾನು ಹೊಸ್ತಿಲಾಚೆ ನಿಂತು ದೇವರನ್ನು ನೆನೆಯುತ್ತಿದ್ದೆ. ಲೋಟ ಕೆರೆದ ಸಪ್ಪಳವಾಯಿತು. ತಮ್ಮ ಬಂದೂಕು ತಿರುಗಿಸಿದ. ಎರಡನೆಯ ಸಲವೂ ಅದೇ. ಮೂರನೆಯ ಸಲ ಕಾಕಾ ಲೋಟ ಕೆರೆಯಲಿಲ್ಲ, ಎದ್ದು ಬಾಗಿಲು ತೆಗೆದರು.

"ಪಾವಣ್ಯಾರ, ನೀವು ತಲಿಬ್ಯಾಟರಿ ಒಯ್ಯಿರಿ. ಗಲ್ಲದ ಕೆಳಗ ಕಟ್ಟೋ ಪಟ್ಟಿ ಹಚ್ಚಿ ಕೊಡತೀನಿ, ಜಾರೂದಿಲ್ಲ."

"ಹಂದಿ ಮೈಮ್ಯಾಲ ಬಂದಾಗ ಪಟ್ಟಿ ಕಟಗೋತ ಕುಂದರಲೇನ್ರೀ?" ಎಂದು ತಮ್ಮ ಸಿಟ್ಟಾದ.

ಆ ಸಂಜೆ ಅವನು ಊಟ ಮಾಡಲಿಲ್ಲ. ಪ್ಯಾಂಟು ಮೇಲೆತ್ತಿ ಹೊಲಿಗೆಯ ಗುರುತು ತೋರಿಸಿದ. ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ, ಪ್ರಸಾದ ಕೊಡುವ ನೆಪದಲ್ಲಿ ನಾನೇ ಕಾಕಾನ ಮನೆಗೆ ಹೋದೆ.

"ಕಾಕಾ, ತಾಯಿ ತಂದಿ ಹೋದಮ್ಯಾಲ ತವರಮನಿ ಅಂದರ ಅಂವ ಒಬ್ಬನ. ಏನರ ಮಾಡಿ ಕೂರಿಸಿ ಕೊಡ್ರಿ."

"ಅಂವ ಫೇಲ್ ಆಗ್ಯಾನವಾ."

"ಕಲೀತಾನರೀ. ನಾ ಹೇಳತೀನಿ ಅವಗ."

ಕಾಕಾ ಪ್ರಸಾದದ ಸಕ್ಕರೆಯನ್ನು ಬಾಯಿಗೆ ಹಾಕಿಕೊಂಡು ಅಂಗೈ ಒರೆಸಿಕೊಂಡರು. ಎರಡು ದಿನದ ಮೇಲೆ ತಾವೇ ಕರೆದು ಬಂದೂಕು ಕೊಟ್ಟರು. ಬದಿಗೆ ಹಳದಿ ಬೆಳಕಿನ ಬ್ಯಾಟರಿ ಕೂತಿತ್ತು. ಅದರ ಸ್ವಿಚ್ಚನ್ನು ಬೇಕೆಂದೇ ಬಿಗಿ ಮಾಡಿದ್ದರು. ಎಡಗೈ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ ಹಿಡಿದರಷ್ಟೇ ಬೆಳಕು, ಬಿಟ್ಟರೆ ಆರಿಹೋಗುತ್ತಿತ್ತು. "ಬೆರಳು ನೋಯಬೇಕು. ನೊಂದರ ಮನಷ್ಯಾ ಎರಡ ಸಲ ವಿಚಾರ ಮಾಡತಾನ" ಎಂದರು. ತಮ್ಮ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದ. ನಾನು ಅವತ್ತು ಕಾಕಾನ ಮನೆಗೆ ಹೋಳಿಗೆ ಕಳಿಸಿದೆ. ಎಂಥ ಖುಷಿ ಇತ್ತು ನನಗೆ.

ಮರುವರ್ಷದ ಸುಗ್ಗಿಗೆ ಇನ್ನೂ ಮೂರು ವಾರವಿತ್ತು. ಬೆಳಿಗ್ಗೆ ಹಾಲು ಕಾಯಿಸುತ್ತಿದ್ದಾಗ ತಮ್ಮನ ಹೆಂಡತಿಯ ಫೋನು ಬಂತು. ಅತ್ತು ಅತ್ತು ಅವಳ ದನಿ ಬಿದ್ದುಹೋಗಿತ್ತು. ಪಕ್ಕದ ಹೊಲದ ಮಾಮಾನ ಎಮ್ಮೆ ರಾತ್ರಿ ಹಗ್ಗ ಬಿಚ್ಚಿಕೊಂಡು ನಮ್ಮ ಭತ್ತಕ್ಕೆ ನುಗ್ಗಿತ್ತಂತೆ. ಅದನ್ನು ಹಿಡಿಯಲು ಮಾಮಾ ಬ್ಯಾಟರಿ ಇಲ್ಲದೆ, ಬಾಗಿಕೊಂಡು ಅದರ ಹಿಂದೆಯೇ ಬಂದಿದ್ದರು. ತಮ್ಮನಿಗೆ ಸಪ್ಪಳ ಕೇಳಿಸಿತು. ಬಂದೂಕಿನ ಬೆಳಕನ್ನೇ ಆ ಕಡೆ ತಿರುಗಿಸಿದ. ಎಮ್ಮೆಯ ಎರಡು ಕಣ್ಣು ಹೊಳೆದವು. "ಏ, ನಾನೋ!" ಎಂದು ಮಾಮಾ ಕೂಗಿದ್ದಕ್ಕೇ ಬೆಚ್ಚಿ, ಟ್ರಿಗರ್ ಎಳೆದುಬಿಟ್ಟಿದ್ದ.

ಚರೆಗಳು ತೊಡೆಗೆ ಹೊಕ್ಕಿದ್ದವು. ಒಂದು ಗೇಣು ಮೇಲಾಗಿದ್ದರೆ ಜೀವ ಇರುತ್ತಿರಲಿಲ್ಲ ಎಂದರು ಡಾಕ್ಟರು. ಆ ಒಂದು ಗೇಣಿಗೆ ನಾನು ಇವತ್ತಿಗೂ ದೀಪ ಹಚ್ಚುತ್ತೇನೆ. ಮಾಮಾ ಬದುಕಿದರು, ಕಾಲು ಎಳೆಯುತ್ತಾರೆ. ಅವರ ಹೊಲವನ್ನೂ ಈಗ ತಮ್ಮನೇ ಉಳುತ್ತಾನೆ. ಕೋರ್ಟಿನ ತಾರೀಖುಗಳು ಇನ್ನೂ ಮುಗಿದಿಲ್ಲ. ಹಂದಿಗಳು ಮಾತ್ರ ಪ್ರತಿ ವರ್ಷ ಬರುತ್ತವೆ. ಯಾರಿಗೂ ಏನೂ ಮಾಡಲಾಗಿಲ್ಲ.

ಪೊಲೀಸರು ಬಂದೂಕು ತೆಗೆದುಕೊಂಡು ಕಾಕಾನ ಅಂಗಡಿಗೂ ಬಂದರು. ಗೋಡೆಯಾಚೆಯಿಂದ ನನಗೆ ಎಲ್ಲವೂ ಕೇಳಿಸುತ್ತಿತ್ತು. ಸ್ವಿಚ್ಚಿನ ಮೇಲೆ ಸೈಕಲ್ ಟ್ಯೂಬಿನ ರಬ್ಬರನ್ನು ಬಿಗಿದು ಸುತ್ತಲಾಗಿತ್ತಂತೆ, ಒತ್ತದೆಯೇ ಬೆಳಕು ಉರಿಯುತ್ತಿರುವಂತೆ. ಅದನ್ನು ಸುತ್ತಿದವನು ತಮ್ಮ. ಬೆರಳು ನೋಯುತ್ತದೆ ಎಂದು.

"ಇದನ್ನ ನೀವ ಸುತ್ತಿದ್ರೇನ?" ಎಂದು ಪೊಲೀಸರು ಕೇಳಿದರು.

"ರಬ್ಬರ ನಂದಲ್ಲ. ಆದರ ಬ್ಯಾಟರಿ ಕೂರಿಸಿದಾವ ನಾನ. ಕೂರಿಸಬಾರದು ಅಂತ ಗೊತ್ತಿದ್ದೂ ಕೂರಿಸೀನಿ. ಬರಕೊಳ್ರಿ."

ಯಾರ ಮಾತಿಗೆ ಕೂರಿಸಿದೆ ಎಂದು ಹೇಳಲಿಲ್ಲ. ನಾನು ಗೋಡೆಗೆ ಕೈಯಿಟ್ಟು ನಿಂತಿದ್ದೆ. ಆಚೆ ಹೋಗಿ ಹೇಳಬಹುದಾಗಿತ್ತು. ಹೋಗಲಿಲ್ಲ. ಮನೆಯಲ್ಲಿ ಇವರಿರಲಿಲ್ಲ, ಪೊಲೀಸರೆಂದರೆ ಹೆದರಿಕೆ. ಇದಕ್ಕಿಂತ ದೊಡ್ಡ ಕಾರಣ ನನ್ನಲ್ಲಿಲ್ಲ.

ಅವರ ಲೈಸೆನ್ಸನ್ನು ಯಾರೂ ಕೇಳಲಿಲ್ಲ. ಒಂದು ಸೋಮವಾರ ಕಾಕಾ ತಾವೇ ಗೋಡೆಯಿಂದ ಅದನ್ನು ಇಳಿಸಿ, ಪಂಚೆಯಲ್ಲಿ ಸುತ್ತಿಕೊಂಡು ಹೋಗಿ ಕಚೇರಿಯಲ್ಲಿ ಒಪ್ಪಿಸಿ ಬಂದರು. ಕಾಕು ಬಾಗಿಲಲ್ಲಿ ಅಡ್ಡ ನಿಂತಳಂತೆ, ಅತ್ತಳಂತೆ. ಗೋಡೆಯ ಮೇಲೆ ಆ ಚೌಕದಷ್ಟು ಸುಣ್ಣ ಬಿಳಿಯಾಗಿ ಉಳಿಯಿತು. ಆಮೇಲೆ ಅವರು ಓಣಿಯ ಹೆಣ್ಣುಮಕ್ಕಳ ಕುಕ್ಕರಿನ ಹಿಡಿಕೆ, ಮಿಕ್ಸರು, ಈಳಿಗೆ ಮಣೆ ಇವನ್ನೇ ರಿಪೇರಿ ಮಾಡತೊಡಗಿದರು. ನಲವತ್ತು ವರ್ಷ ಬಂದೂಕಿನ ನಳಿಗೆಯೊಳಗೆ ಕಣ್ಣಿಟ್ಟು ನೋಡಿದ ಮನುಷ್ಯ ನನ್ನ ಕುಕ್ಕರಿನ ಸೀಟಿಯೊಳಗೆ ಅದೇ ರೀತಿ ಒಂದು ಕಣ್ಣು ಮುಚ್ಚಿ ನೋಡುವಾಗ ನನಗೆ ನಿಲ್ಲಲಾಗುತ್ತಿರಲಿಲ್ಲ.

ಒಂದು ದಿನ ಧೈರ್ಯ ಮಾಡಿದೆ. ಕುಕ್ಕರು ಇಸಿದುಕೊಳ್ಳಲು ಹೋದವಳು ಅವರ ಕಾಲ ಬಳಿ ಕುಂತುಬಿಟ್ಟೆ.

"ಕಾಕಾ, ತಪ್ಪು ನಂದೈತ್ರಿ. ನಾ ಕೇಳದಿದ್ದರ ನೀವು ಕೂರಿಸತಿರಲಿಲ್ಲ."

"ಏಳವ್ವಾ, ಮೊದಲ ಮ್ಯಾಲ ಕುಂದರು. ಕೇಳೂದು ಎಲ್ಲಾರೂ ಕೇಳತಾರ. ಪರೀಕ್ಷಾ ಇಟ್ಟಾವ ನಾನು, ಫೇಲ್ ಅಂದಾವ ನಾನು, ಕಡೀಕ ಪಾಸ್ ಮಾಡಿದಾವನೂ ನಾನ. ನಿಂದೇನೈತಿ ಇದರಾಗ?"

"ಅಂವ ರಬ್ಬರ ಸುತ್ತಿದ್ನಲ್ಲರೀ."

ಕಾಕಾ ಕುಕ್ಕರಿನ ಮುಚ್ಚಳ ತಿರುಗಿಸಿ ನೋಡಿದರು. "ಸ್ವಿಚ್ಚು ಬಿಗಿ ಮಾಡಿದ್ದು ನನ್ನ ಹೆದರಿಕಿಗೆ. ಅಷ್ಟು ಹೆದರಿಕಿ ಇದ್ದರ ಕೂರಿಸಲೇಬಾರದಾಗಿತ್ತು. ಬಿಗಿ ಮಾಡೂದರಿಂದ ಹೆದರಿಕಿ ಹೋಗತೈತಿ ಅನಕೊಂಡೆ ನೋಡು." ಆಮೇಲೆ ಮುಚ್ಚಳ ಕೈಗಿಟ್ಟು, "ಸೀಟಿ ಈಗ ಬರತೈತಿ, ಮೂರಕ್ಕ ಇಳಿಸು, ಬ್ಯಾಳಿ ಕರಗಿಸಬ್ಯಾಡ" ಎಂದರು.

ಬೈದಿದ್ದರೆ ಕೈ ಮುಗಿದು ಹೊತ್ತುಕೊಳ್ಳುತ್ತಿದ್ದೆ. ಅವರು ತಪ್ಪಿನಲ್ಲಿ ನನಗೆ ಒಂದು ಚೂರೂ ಬಿಡಲಿಲ್ಲ, ಪೂರಾ ತಾವೇ ಇಟ್ಟುಕೊಂಡರು. ದೇವರ ಮುಂದೆ ಕುಂತಾಗಲೂ ಏನು ಕ್ಷಮೆ ಕೇಳಬೇಕೆಂದು ನನಗೆ ತಿಳಿಯುತ್ತಿರಲಿಲ್ಲ.

ಎರಡು ವರ್ಷಕ್ಕೆ ಕಾಕಾ ಹೋದರು. ನಿದ್ದೆಯಲ್ಲೇ ಹೋದರು, ಒಂದು ನರಳಿಕೆಯೂ ಇಲ್ಲದೆ. ಅದೂ ಒಂದು ದಯೆ. ಶೇಂಗಾದ ಮೊರ ಅಲ್ಲೇ ಇಟ್ಟು ಹೋದೆ. ಕಾಲ ಬಳಿ ನಿಂತು ಒಂದು ಮಾತು ಹೇಳಬೇಕೆಂದಿದ್ದೆ. ಹಿಂದಿದ್ದ ಹೆಣ್ಣುಮಕ್ಕಳು, "ಸ್ವಲ್ಪ ಸರೀರಿ, ಹೂವು ಹಾಕೋರು ಬಂದಾರ" ಎಂದರು. ಸರಿದೆ.

ಹೆಣ ಎತ್ತಿಕೊಂಡು ಹೋದ ಮೇಲೆ ಸ್ನಾನ ಮಾಡಿ ಬಂದೆ. ನೋಡಿದರೆ ಖಾನಾಪುರದಿಂದ ತಮ್ಮ ಬಂದು ನಮ್ಮ ಬಾಗಿಲ ಮೆಟ್ಟಿಲ ಮೇಲೆ ಕುಂತಿದ್ದ. ಓಣಿಯ ತುದಿಯಲ್ಲೇ ನಿಂತಿದ್ದನಂತೆ, ಆ ಮನೆಯೊಳಗೆ ಕಾಲಿಡಲು ಆಗಿರಲಿಲ್ಲ.

"ಅಕ್ಕಾ, ಕಾಕಾ ನನಗ ಏನರ ಅಂದಿದ್ರೇನ, ಈ ಎರಡು ವರ್ಷದಾಗ?"

"ಇಲ್ಲೋ. ನಿನ್ನ ಹೆಸರ ಒಮ್ಮಿನೂ ತಗೀಲಿಲ್ಲ."

ಅವನು ಮೊಣಕಾಲ ನಡುವೆ ತಲೆ ಹಾಕಿದ. "ಬೈದಿದ್ರ ಚಲೋ ಇತ್ತಲ್ಲಾ, ಅಕ್ಕಾ."

ಅವನು ಮುಂಜಾನೆಯಿಂದ ಏನೂ ತಿಂದಿರಲಿಲ್ಲ. ಒಳಗೆ ಹೋಗಿ ಎರಡು ಲೋಟ ಅಕ್ಕಿ ಅಳೆದು ತೊಳೆಯಲು ಕುಂತೆ.